ಎಲೆ ಸುಡುವ ಹೊಗೆ: ಭಾನುವಾರದ ಸಭೆಗೆ ಮುನ್ನ ಚರ್ಚೆ

ಸಂಘದ ಕಾರ್ಯದರ್ಶಿ
ಮಾನ್ಯ ನಿವಾಸಿಗಳೇ, ಸಂಕ್ರಾಂತಿ ಕಳೆದ ಮೇಲೆ ಉದ್ಯಾನದ ಹಿಂದಿನ ಖಾಲಿ ನಿವೇಶನದಲ್ಲಿ ನಾಲ್ಕು ದಿನ ಬೆಳಗಿನ ಜಾವ ಎಲೆಗುಡ್ಡೆಗೆ ಬೆಂಕಿ ಬಿದ್ದಿದೆ. ಎರಡನೇ ಅಡ್ಡರಸ್ತೆಯಲ್ಲಿ ಉಬ್ಬಸವಿರುವ ಮಕ್ಕಳ ಮನೆಯವರು ಎಂಟು ಗಂಟೆಯವರೆಗೆ ಕಿಟಕಿ ತೆರೆಯುತ್ತಿಲ್ಲ. ಎಲೆ ಒಯ್ಯುವ ವಾಹನ ಬಾರದೆ ಹದಿನೈದು ದಿನವಾಗಿದೆ; ಹೀಗಿರುವಾಗ ಪೌರಕಾರ್ಮಿಕರನ್ನಷ್ಟೇ ದೂರುವುದು ನ್ಯಾಯವಲ್ಲ. ಮುಂದೇನು ಮಾಡಬೇಕೆಂಬುದನ್ನು ದಯವಿಟ್ಟು ಇಲ್ಲಿ ಬರೆಯಿರಿ.

ಮೊದಲನೇ ಅಡ್ಡರಸ್ತೆಯ ಹಿರಿಯರು
ನಮ್ಮ ಊರಿನಲ್ಲಿ ಮುಸ್ಸಂಜೆ ಕೊಟ್ಟಿಗೆಯ ಬಳಿ ಒಣ ಎಲೆಯ ಹೊಗೆ ಹಾಕದ ಮನೆಯೇ ಇರಲಿಲ್ಲ. ಜನ ಓಡಾಡುವ ಮೊದಲೇ ಸುಟ್ಟರೆ ಹೊಗೆ ಮೇಲೇರಿ ಹೋಗುತ್ತದೆ ಎಂದೇ ನಾನು ತಿಳಿದಿದ್ದೇನೆ. ತಪ್ಪಿದ್ದರೆ ತಿಳಿಸಿ.

ನಾಲ್ಕನೇ ಅಡ್ಡರಸ್ತೆ, ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕಿ
ಹಿರಿಯರು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಬೆಂಕಿ ಹಚ್ಚುವ ಹೊತ್ತೇ ಇಲ್ಲಿನ ಮುಖ್ಯ ಸಂಗತಿ. ಮಾಗಿಯ ರಾತ್ರಿ ಆಕಾಶ ನಿರ್ಮಲವಾಗಿದ್ದಾಗ ನೆಲ ಬೇಗ ತಣ್ಣಗಾಗಿ, ನೆಲಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ತಂಪಾಗುತ್ತದೆ. ಭೂಗೋಳ ಪಾಠದಲ್ಲಿ ಓದಿದ ಉಷ್ಣಾಂಶದ ವಿಲೋಮತೆ ಇದೇ. ತಂಪಾದ ಭಾರದ ಗಾಳಿ ಮೇಲೇಳುವುದಿಲ್ಲವಾದ್ದರಿಂದ ಹೊಗೆ ಮನೆಗಳ ಎತ್ತರದಲ್ಲೇ ಹರಡಿ, ಬಿಸಿಲೇರಿ ನೆಲ ಕಾಯುವವರೆಗೆ ಅಲ್ಲಿಯೇ ನಿಲ್ಲುತ್ತದೆ. ಆರು ಗಂಟೆಗೆ ಹಚ್ಚಿದ ಬೆಂಕಿಯ ಹೊಗೆಯನ್ನು ಏಳೂವರೆಗೆ ಶಾಲೆಯ ಬಸ್ಸಿಗೆ ನಿಂತ ಮಕ್ಕಳು ಉಸಿರಾಡುತ್ತಾರೆ.

ಇನ್ನೊಂದು ಕಾರಣವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಬೆರಗಾಗುತ್ತಿತ್ತು. ವಾತಾವರಣಕ್ಕೆ ತನ್ನನ್ನು ತಾನೇ ತೊಳೆದುಕೊಳ್ಳುವ ಶಕ್ತಿಯಿದೆ. ಬಿಸಿಲಿನ ನೇರಳಾತೀತ ಕಿರಣ ಓಝೋನ್ ಅಣುವನ್ನು ಒಡೆದಾಗ ಬಿಡುಗಡೆಯಾದ ಆಮ್ಲಜನಕದ ಪರಮಾಣು ನೀರಾವಿಯೊಡನೆ ಕೂಡಿ ಹೈಡ್ರಾಕ್ಸಿಲ್ ಎಂಬ ಚುರುಕಾದ ಕಣವಾಗುತ್ತದೆ. ಅದರ ಆಯುಷ್ಯ ಹೆಚ್ಚೆಂದರೆ ಸುಮಾರು ಒಂದು ಸೆಕೆಂಡು. ಆದರೂ ಇಂಗಾಲದ ಮಾನಾಕ್ಸೈಡ್ ಮತ್ತು ಮೀಥೇನನ್ನು ಗಾಳಿಯಿಂದ ತೆಗೆಯುವ ಕೆಲಸ ಬಹುಪಾಲು ಅದರದ್ದೇ. ಬಿಸಿಲಿಲ್ಲದ ಹೊತ್ತಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮಸಿಯ ಸೂಕ್ಷ್ಮಕಣಗಳನ್ನಂತೂ ಅದು ತೆಗೆಯಲಾರದು; ಅವುಗಳನ್ನು ಮಳೆ ತೊಳೆಯಬೇಕು, ಜನವರಿಯಲ್ಲಿ ಬೆಂಗಳೂರಿಗೆ ಮಳೆಯೆಲ್ಲಿ? ಎರಡೂವರೆ ಮೈಕ್ರೋಮೀಟರಿಗಿಂತ ಚಿಕ್ಕದಾದ ಈ ಕಣಗಳಿಗೆ ನಮ್ಮ ದೇಶದ 24 ಗಂಟೆಗಳ ಸರಾಸರಿ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಟ್ಟ 15 ಮಾತ್ರ.

ಬಿಸಿಲು ಬಂದ ಮೇಲೂ ತೊಂದರೆ ಮುಗಿಯುವುದಿಲ್ಲ. ಹೊಗೆಯ ಸಾವಯವ ಆವಿಗಳು ವಾಹನಗಳು ಉಗುಳುವ ಸಾರಜನಕದ ಆಕ್ಸೈಡುಗಳೊಡನೆ ಬಿಸಿಲಿನಲ್ಲಿ ವರ್ತಿಸಿ ನೆಲಮಟ್ಟದ ಓಝೋನನ್ನು ಹುಟ್ಟಿಸುತ್ತವೆ. ಎತ್ತರದ ಪದರದಲ್ಲಿ ನಮ್ಮನ್ನು ಕಾಯುವ ಅನಿಲವೇ ಇಲ್ಲಿ ಶ್ವಾಸಕೋಶವನ್ನು ಕೆರಳಿಸುತ್ತದೆ. ಲಾಸ್ ಏಂಜಲೀಸಿನ ಹೊಗೆಮಂಜು ಹೀಗೆ ಉಂಟಾಗುತ್ತದೆಂದು ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲೇ ತೋರಿಸಿದ್ದರು.

ಐದನೇ ಅಡ್ಡರಸ್ತೆಯ ನಿವಾಸಿ
ಅಲ್ಲಿ ಉರಿಯುತ್ತಿರುವುದು ಎಲೆ ಮಾತ್ರವಲ್ಲ. ಹಾಲಿನ ಪ್ಯಾಕೆಟ್, ಥರ್ಮೋಕೋಲ್, ಜೊತೆಗೆ ತಾಮ್ರ ತೆಗೆಯಲು ಯಾರೋ ತಂದು ಹಾಕಿದ ವೈರಿನ ಸುರುಳಿಗಳನ್ನೂ ನಾನು ಕಂಡಿದ್ದೇನೆ.

ನಿವೃತ್ತ ಅಧ್ಯಾಪಕಿ
ವೈರಿನ ವಿಷಯ ಎಲ್ಲಕ್ಕಿಂತ ಗಂಭೀರ. ಅದರ ಹೊದಿಕೆಯ ಪಿವಿಸಿ ಎಂಬ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇರುವುದರಿಂದ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ. ತಾಮ್ರವೇ ವೇಗವರ್ಧಕವಾಗಿ ಡೈಆಕ್ಸಿನ್‌ಗಳೆಂಬ ತೀವ್ರ ವಿಷವಸ್ತುಗಳು ಹುಟ್ಟಲು ನೆರವಾಗುತ್ತದೆ. ಊರಿನ ಕೊಟ್ಟಿಗೆಯ ಹೊಗೆಯಲ್ಲಿ ಇದು ಇರಲಿಲ್ಲ, ಹಿರಿಯರೇ. ಆದರೂ ಬರಿಯ ಎಲೆಯ ಹೊಗೆಯೂ ನಿರಪಾಯವಲ್ಲ: ಇಬ್ಬನಿಯಲ್ಲಿ ನೆನೆದ ಗುಡ್ಡೆ ಸರಿಯಾಗಿ ಉರಿಯದೆ ಬರೀ ಹೊಗೆಯಾಡಿದಷ್ಟೂ ಮಾನಾಕ್ಸೈಡ್ ಹೆಚ್ಚು.

ಮೂರನೇ ಅಡ್ಡರಸ್ತೆ, ತಾರಸಿ ತೋಟದವರು
ನಮ್ಮ ಹೊಂಗೆ ಮರಗಳ ಎಲೆ ಉದುರುವುದು ಇನ್ನೂ ಬಾಕಿಯಿದೆ. ಎಲೆಗೆ ಒಂದು ಜಾಗ ಮಾಡದೆ ಬೆಂಕಿ ನಿಲ್ಲಿಸಿ ಎಂದರೆ ಯಾರೂ ಕೇಳುವುದಿಲ್ಲ. ತಂತಿ ಬಲೆಯನ್ನು ಎದೆಯೆತ್ತರಕ್ಕೆ ಗುಂಡಗೆ ನಿಲ್ಲಿಸಿ, ಎಲೆ ತುಂಬಿ, ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸುತ್ತಾ ತೇವ ಕಾಪಾಡಿದರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಆಗಾಗ ಮಗುಚಲೇಬೇಕು, ಗಾಳಿಯಾಡದ ರಾಶಿ ಕೊಳೆತು ನಾರುತ್ತದೆ, ಮೀಥೇನನ್ನೂ ಬಿಡುತ್ತದೆ. ಎರಡು ಬಲೆಗಳ ಖರ್ಚು ನಾನು ಕೊಡುತ್ತೇನೆ.

ಮೊದಲನೇ ಅಡ್ಡರಸ್ತೆಯ ಹಿರಿಯರು
ನನ್ನ ತಿಳಿವಳಿಕೆ ತಪ್ಪಾಗಿತ್ತು. ಮಗುಚುವ ಕೆಲಸಕ್ಕೆ ಬುಧವಾರ ಮತ್ತು ಶನಿವಾರ ನನ್ನ ಹೆಸರು ಬರೆದುಕೊಳ್ಳಿ.

ಸಂಘದ ಕಾರ್ಯದರ್ಶಿ
ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ದೇಶದಾದ್ಯಂತ ನಿಷೇಧಿಸಿ, ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ಪರಿಹಾರ ದಂಡ ಗೊತ್ತುಮಾಡಿದೆ. ವೈರು ಸುಡುವವರ ಬಗ್ಗೆ ದಿನಾಂಕ, ಸಮಯ, ಚಿತ್ರಗಳೊಡನೆ ಲಿಖಿತ ದೂರು ಕೊಡೋಣ. ವಾಹನ ವಾರಕ್ಕೆರಡು ಬಾರಿ ಬರಬೇಕೆಂಬ ಮನವಿ ಬೇರೆಯಾಗಿಯೇ ಇರಲಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಉದ್ಯಾನದ ಗೇಟಿನ ಬಳಿ ಸೇರೋಣ. ಗುಡಿಸುವ ಅಮ್ಮಂದಿರನ್ನೂ ಕರೆದಿದ್ದೇನೆ. ಎಲೆ ತುಂಬಲು ಗೋಣಿಚೀಲಗಳಿಲ್ಲ ಎಂದು ಅವರು ಹೇಳಿದರು, ಆದ್ದರಿಂದ ಬರುವವರು ಮನೆಯಲ್ಲಿರುವ ಹಳೆಯ ಚೀಲಗಳನ್ನು ತನ್ನಿ.