ಸಹಾಯ ಬೇಕು: ಒಬ್ಬರೇ ಆಡುವ ಮಾಫಿಯಾ ಸೇಡಿನ ಆಟ

ನಮಸ್ಕಾರ. ದಾಳ, ಇಸ್ಪೀಟ್ ಎಲೆ, ನೋಟ್‌ಬುಕ್ ಇಟ್ಟುಕೊಂಡು ಒಬ್ಬರೇ ಆಡುವ ರೋಲ್‌ಪ್ಲೇ ಆಟ ಕಟ್ಟುತ್ತಿದ್ದೇನೆ. ಜಾಗ ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊ ನಗರ, 1982. ನಾಯಕಿ ಬೇಕರಿಯವನ ಮಗಳು. ‘ಪಿಟ್ಸೊ’, ಅಂದರೆ ಮಾಫಿಯಾಕ್ಕೆ ಅಂಗಡಿಯವರು ಕಟ್ಟುವ ಹಫ್ತಾ, ಕೊಡುವುದಿಲ್ಲ ಅಂದಿದ್ದಕ್ಕೆ ಅಪ್ಪನ ಕೊಲೆಯಾಗಿದೆ.

ಚಿಕ್ಕ ಎಲೆಗಳು ವಸೂಲಿ ಹುಡುಗರು. ಗುಲಾಮ ಅಂದರೆ ಹತ್ತು ಜನರ ಮೇಲಿನ ಮುಖಂಡ. ರಾಜರು ಊರು ಹಂಚಿಕೊಂಡ ‘ಕುಟುಂಬ’ಗಳ ಯಜಮಾನರು. ಆದರೆ ಸುಮ್ನೆ ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋದರೆ ಬೋರ್ ಅಲ್ವಾ? ಒಬ್ಬ ಸತ್ತರೆ ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಮಾಫಿಯಾಕ್ಕೆ ನಿಜವಾಗಿ ಪೆಟ್ಟು ಕೊಟ್ಟಿದ್ದು 1982ರ ಆಸ್ತಿ ಮುಟ್ಟುಗೋಲು ಕಾನೂನು, ಮತ್ತೆ 1986ರಲ್ಲಿ ಶುರುವಾದ, ನಾನೂರಕ್ಕೂ ಜಾಸ್ತಿ ಆರೋಪಿಗಳಿದ್ದ ಮಹಾ ವಿಚಾರಣೆ. ಅದಕ್ಕೇ ಗುಂಡು ಹಾರಿಸುವುದಕ್ಕಿಂತ ಲೆಕ್ಕದ ಪುಸ್ತಕ ಕದ್ದರೆ, ಸಾಕ್ಷಿಯನ್ನು ಉಳಿಸಿಕೊಂಡರೆ ಹೆಚ್ಚು ಅಂಕ ಇಟ್ಟಿದ್ದೇನೆ.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ: ಆಟ ನಡೆಸುವವರೇ ಇಲ್ಲದಿರುವಾಗ ಎದುರಾಳಿಯ ಚಾಲಾಕಿತನ ತರುವುದು ಹೇಗೆ? ಈಗ ‘ಅನುಮಾನ’ದ ಮೀಟರ್ ಇದೆ. ಅದು ತುಂಬಿದರೆ ಅವಳ ತಮ್ಮನ ಮೇಲೆ ದಾಳಿ. ಆದರೆ ಯಾವಾಗ ತುಂಬುತ್ತದೆ ಅಂತ ನನಗೆ ಮೊದಲೇ ಗೊತ್ತಾಗಿಬಿಡುತ್ತದೆ, ಭಯವೇ ಆಗುವುದಿಲ್ಲ. ಎಲೆ ಮುಚ್ಚಿಟ್ಟು ಆಡಿಸುವ ಉಪಾಯ ಯಾರಿಗಾದರೂ ಗೊತ್ತಾ? ರಮ್ಮಿ ಆಪ್ ಲಿಂಕ್ ಮಾತ್ರ ಹಾಕಬೇಡಿ ಮಾರಾಯ್ರೆ.