ಅಮ್ಮನಿಗೆ ಶುಗರ್ ಬಾರ್ಡರ್‌ನಲ್ಲಿ ಉಂಟು, ಅನ್ನ ಬಿಡಿಸಬೇಕಾ? ಅನುಭವ ಇದ್ದವರು ಹೇಳಿ

ಮಂಗಳೂರು, ಮಣ್ಣಗುಡ್ಡೆಯಿಂದ:
ಅಮ್ಮನಿಗೆ 57 ವರ್ಷ. ಕಳೆದ ವಾರ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 6.2 ಬಂತು. ಸದ್ಯಕ್ಕೆ ಮಾತ್ರೆ ಬೇಡ, ಊಟ ನೋಡಿಕೊಳ್ಳಿ, ನಡೆಯಿರಿ, ಮೂರು ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ ಡಾಕ್ಟರ್. ಅಮ್ಮ ಸಪೂರ ಇದ್ದಾರೆ, "ನನಗೆಂತ ಶುಗರ್" ಅಂತಾರೆ. ಕುಚ್ಚಲಕ್ಕಿ ಅನ್ನ ಬಿಡಲು ತಯಾರಿಲ್ಲ. ನಡೆಯುವ ಅಂದ್ರೆ ಈ ಮಳೆ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಉಡುಪಿಯಿಂದ ಒಬ್ಬರು:
ನಾಲ್ಕು ವರ್ಷದ ಹಿಂದೆ ನನ್ನದು 6.3 ಇತ್ತು. ಈಗ 5.8. ದಯವಿಟ್ಟು ಅಮ್ಮನಿಗೆ ಅನ್ನ ಬಿಡಿಸಲು ಹೋಗಬೇಡಿ. ನಾನು ಬಿಟ್ಟು ನೋಡಿದ್ದೇನೆ. ಚಪಾತಿ ಮೂರು ಇದ್ದದ್ದು ಐದಾಯಿತು. ಉಂಡ ಹಾಗೇ ಆಗುತ್ತಿರಲಿಲ್ಲ, ಸಂಜೆ ನಾಲ್ಕಕ್ಕೆ ಬನ್ಸ್‌ಗೆ ಕೈ ಹೋಗುತ್ತಿತ್ತು. ಮೂರು ತಿಂಗಳಾದರೂ ಶುಗರ್ ಇದ್ದಲ್ಲೇ ಇತ್ತು.

ಆಮೇಲೆ ಬಟ್ಟಲು ಬದಲಾಯಿಸಿದೆ. ಮುಂಚೆ ನಾಲ್ಕು ಸೌಟು ಅನ್ನ, ಬದಿಯಲ್ಲಿ ಒಂದು ಚಮಚ ಪಲ್ಯ. ಈಗ ಎರಡು ಸೌಟು ಅನ್ನ, ತೊಂಡೆಕಾಯಿಯೋ ಅಲಸಂಡೆಯೋ ತುಂಬಾ ಪಲ್ಯ, ಬಸಳೆ ಸಾರಿಗೆ ಒಂದು ಹಿಡಿ ಹೆಸರುಕಾಳು. ಪಲ್ಯ, ಕಾಳು ಮೊದಲು ತಿನ್ನುತ್ತೇನೆ, ಅನ್ನ ಆಮೇಲೆ. ಕುಚ್ಚಲಕ್ಕಿಯಾದರೆ ಎಷ್ಟು ಉಂಡರೂ ಆಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಉಂಟಲ್ವಾ, ಅದು ಸರಿಯಲ್ಲ. ತವಡು ಇರುವ ಕೆಂಪು ಕುಚ್ಚಲಕ್ಕಿ ಬೆಳ್ತಿಗೆ (ಬಿಳಿ) ಅಕ್ಕಿಗಿಂತ ಒಳ್ಳೆಯದೇ, ಆದರೆ ಅಳತೆ ಬೇಕೇ ಬೇಕು.

ನನಗೆ ಜಾಸ್ತಿ ಉಪಯೋಗವಾದದ್ದು ಊಟದ ನಂತರದ ನಡಿಗೆ. ಒಂದು ದಿನ ಉಂಡು ಸುಮ್ನೆ ಟಿವಿ ಮುಂದೆ ಕೂತೆ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ 178. ಮರುದಿನ ಅದೇ ಅನ್ನ, ಅದೇ ಸಾರು. ಉಂಡು ಹತ್ತು ನಿಮಿಷಕ್ಕೆ ಎದ್ದು, ಜಗಲಿಯ ಆ ತುದಿಯಿಂದ ಈ ತುದಿಗೆ ಕಾಲು ಗಂಟೆ ನಡೆದೆ. 149. ಆ ನಂಬರ್ ನೋಡಿದ ಮೇಲೆ ನನಗೆ ಯಾರೂ "ನಡಿ" ಅಂತ ಹೇಳಬೇಕಾಗಲಿಲ್ಲ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದಂತೆ. ಅಮೆರಿಕದಲ್ಲಿ 2013ರಲ್ಲಿ 60 ದಾಟಿದ ಹತ್ತು ಮಂದಿಯ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದರು. ಮೂರು ಊಟದ ನಂತರ 15 ನಿಮಿಷದ ಹಾಗೆ ನಡೆದರೆ, ರಾತ್ರಿ ಊಟದ ನಂತರದ ಸಕ್ಕರೆ ಒಮ್ಮೆಲೇ 45 ನಿಮಿಷ ನಡೆದದ್ದಕ್ಕಿಂತ ಚೆನ್ನಾಗಿ ಇಳಿದಿತ್ತು. ಹತ್ತೇ ಜನರ ಮೇಲಿನ ಪರೀಕ್ಷೆ ನಿಜ. ಆದರೆ ಜಗಲಿಯಲ್ಲಿ ನಡೆಯಲು ಖರ್ಚೇನೂ ಇಲ್ಲ, ಅಮ್ಮನಿಂದಲೂ ಮಾಡಿಸಿ ನೋಡಿ.

ಮಣಿಪಾಲದಿಂದ:
ಸಪೂರ ಇದ್ದವರಿಗೆ ಶುಗರ್ ಬರುವುದಿಲ್ಲ ಎಂದು ನನ್ನ ಅಪ್ಪನೂ ಹೇಳುತ್ತಿದ್ದರು. ಅವರಿಗೆ ಈ ಕಥೆ ಹೇಳಿದೆ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮನ್ನೇ ಹೋಲಿಸಿ ಬರೆದಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22.3. ಮೈಯ ಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2! ತೂಕದ ಬದಲು ಅಮ್ಮನ ಸೊಂಟದ ಸುತ್ತಳತೆ ನೋಡಿ. ನಮ್ಮ ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಅಂತಾರೆ. ಇನ್ನೊಂದು ಸಮಾಧಾನದ ವಿಷಯ: 2006ರಲ್ಲಿ ಬಂದ ಚೆನ್ನೈ ಅಧ್ಯಯನದಲ್ಲಿ, ಊಟ-ನಡಿಗೆ ಸರಿ ಮಾಡಿಕೊಂಡವರಲ್ಲಿ ಮಧುಮೇಹಕ್ಕೆ ಜಾರುವ ಅಪಾಯ ಶೇ. 28.5 ಕಡಿಮೆಯಾಗಿತ್ತು. ತೂಕ ಇಳಿಯದಿದ್ದರೂ!

ಮಲ್ಪೆಯಿಂದ:
ಮೀನು ತಿನ್ನುವವರಾದರೆ ಅನ್ನ ಕಮ್ಮಿ ಮಾಡುವುದು ಕಷ್ಟವಿಲ್ಲ. ಬೂತಾಯಿ ಪುಳಿಮುಂಚಿ ಮಾಡಿ, ದಿನಾ ಹುರಿಯಬೇಡಿ. ಜೂನ್-ಜುಲೈ ಟ್ರಾಲಿಂಗ್ ನಿಂತಾಗ ನಾವು ಮೊಟ್ಟೆ, ಕಡಲೆ ಜಾಸ್ತಿ ಮಾಡುತ್ತೇವೆ. ಗಂಜಿಗೆ ಬರೀ ಉಪ್ಪಿನಕಾಯಿ ಸಾಲದು.

ಸುರತ್ಕಲ್‌ನಿಂದ:
ಶುಗರ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಓದುತ್ತಿದ್ದರೆ ಒಂದು ಎಚ್ಚರಿಕೆ. ನಮ್ಮ ಯಜಮಾನರು ಗ್ಲಿಮೆಪಿರೈಡ್ ತಗೊಳ್ತಾರೆ. ಡಾಕ್ಟರಿಗೆ ಹೇಳದೆ ಅನ್ನ ಅರ್ಧ ಮಾಡಿ, ನಡೆಯಲೂ ಶುರು ಮಾಡಿದರು. ನಾಲ್ಕನೇ ದಿನ ಮಧ್ಯಾಹ್ನದ ಹೊತ್ತಿಗೆ ಕೈ ನಡುಕ, ಬೆವರು. ನೋಡಿದರೆ 58. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆ, ಕಾಲು ಗಂಟೆಯಲ್ಲಿ ಸುಧಾರಿಸಿದರು. ಆಮೇಲೆ ಡಾಕ್ಟರ್ ಡೋಸ್ ಕಡಿಮೆ ಮಾಡಿದರು. ಮೊದಲು ಕೇಳಿ, ಆಮೇಲೆ ಊಟ ಬದಲಿಸಿ.

ಮಣ್ಣಗುಡ್ಡೆಯಿಂದ:
ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಮಧ್ಯಾಹ್ನ ಅಮ್ಮನಿಗೆ ಗೊತ್ತಾಗದ ಹಾಗೆ ಸೌಟು ಲೆಕ್ಕ ಹಾಕಿದೆ. ಐದು! ಯಾಜ್ಞಿಕ್ ಕಥೆ ಹೇಳಿದೆ, ಸುಮ್ಮನೆ ಕೇಳಿದರು. ಉಂಡ ಮೇಲೆ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಇಬ್ಬರೂ ಹನ್ನೆರಡು ಸುತ್ತು ಹಾಕಿದೆವು. ನಾಳೆಯಿಂದ ಮೂರು ಸೌಟು ಅಂತ ಒಪ್ಪಿದ್ದಾರೆ. ಆಟಿ ಬಂತಲ್ಲ, ಪತ್ರೊಡೆಗೆ ಅಕ್ಕಿ ಕಮ್ಮಿ ಮಾಡಿ ಕಾಳು ಸೇರಿಸಿ ಅರೆದವರು ಯಾರಾದರೂ ಇದ್ದೀರಾ? ಹದ ಹೇಗೆ ಬರುತ್ತದೆ?