ಓದುಗರ ಸ್ಪಂದನ: ಮರುದಿನದ ಊಟ

ಕಳೆದ ಸಂಚಿಕೆಯಲ್ಲಿ ಹುಬ್ಬಳ್ಳಿಯ ಓದುಗರೊಬ್ಬರು ತಮ್ಮ ಪೇಚಾಟ ಬರೆದುಕೊಂಡಿದ್ದರು. ತಾಯಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸಿ ಓದಿಸಿದವರು, ಇವತ್ತಿಗೂ ಅದೇ ಕೆಲಸಕ್ಕೆ ಹೋಗುತ್ತಾರೆ. ಮಗ ಬ್ಯಾಂಕಿನಲ್ಲಿ ಅಧಿಕಾರಿ, ನವನಗರದಲ್ಲಿ ಹೊಸ ಮನೆ. ಜೊತೆಗೆ ಕೆಲಸ ಮಾಡುವ ಹೆಂಗಸರನ್ನೆಲ್ಲ ಗೃಹಪ್ರವೇಶಕ್ಕೆ ಕರೆಯಬೇಕೆಂದು ತಾಯಿಯ ಹಟ. ‘ಅವರನ್ನು ಮರುದಿನ ಕರೆದು ಊಟ ಹಾಕಿಸೋಣ, ಅವರಿಗೂ ಮುಜುಗರ ಆಗುವುದಿಲ್ಲ’ ಎಂದು ಧಾರವಾಡದ ಮಾವನವರ ಸಲಹೆ. ಯಾರ ಮಾತು ಕೇಳಲಿ ಎಂಬುದು ಪ್ರಶ್ನೆ.

ಪತ್ರಗಳು ಬಹಳ ಬಂದಿವೆ. ಎಲ್ಲರಿಗೂ ಬಾಯಿಪಾಠ ಇರುವ ವಚನವನ್ನಷ್ಟೇ ಬರೆದು ಕಳಿಸಿದವರು ಕ್ಷಮಿಸಬೇಕು, ಅವನ್ನು ಬಿಟ್ಟಿದ್ದೇವೆ.

*

ಅವ್ವನ ಗೆಳತ್ಯಾರನ್ನ ಕರಿಯಾಕ ಮಾವನ ಪರವಾನಗಿ ಯಾಕ ಬೇಕು? ಇದನ್ನ ಊರಿಗೆಲ್ಲ ಬರದು ಕೇಳಾಕ ನಾಚಿಕಿ ಆಗಲಿಲ್ಲೇನು?
– ಒಬ್ಬ ಓದುಗ, ರಾಣೇಬೆನ್ನೂರು

*

ಎಲ್ಲರೂ ಇಷ್ಟು ಖಾರವಾಗಿ ಬರೆದಿಲ್ಲ. ಮಾವನವರ ಪರ ವಹಿಸಿದವರ ಮಾತನ್ನೂ ಕೇಳೋಣ.

*

ಮಾವನವರನ್ನು ಖಳನಾಯಕ ಮಾಡಬೇಡಿ. ಅಕ್ಕಿಕಾಳಿಗೆ ಬರುವವರು ಬೇರೆ, ಸಂಜೆ ರಿಸೆಪ್ಷನ್‌ಗೆ ಬರುವವರು ಬೇರೆ ಇರುವುದಿಲ್ಲವೇ? ನನ್ನ ಮಗನ ಮದುವೆಯಲ್ಲಿ ಕಚೇರಿಯ ಜವಾನರನ್ನು ಪ್ರತ್ಯೇಕವಾಗಿ ಕರೆದಿದ್ದೆ, ಹಾಯಾಗಿ ಉಂಡು ಹೋದರು. ಸಾಹೇಬರ ಎದುರು ಕೂಡಿಸಿದರೆ ಅವರ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಇದು ಭೇದವಲ್ಲ, ಔಚಿತ್ಯ. ಅಷ್ಟಕ್ಕೂ ಮನೆ ಸಾಲದ ಕಂತು ಎಷ್ಟೆಂದು ಪತ್ರ ಬರೆದವರು ಹೇಳಿಯೇ ಇಲ್ಲ. ಈಗಿನ ಹುಡುಗರು ಗೃಹಪ್ರವೇಶಕ್ಕೂ ಸಾಲ ಮಾಡುತ್ತಾರೆ. ಮನೆಮಂದಿಯಷ್ಟೇ ಸೇರಿ ಹಾಲು ಉಕ್ಕಿಸಿ ಮುಗಿಸುವುದು ಒಳ್ಳೆಯದು.
– ನಿವೃತ್ತ ಅಧಿಕಾರಿ, ಧಾರವಾಡ

*

ಜವಾನರು ಹಾಯಾಗಿ ಉಂಡರೋ ಇಲ್ಲವೋ ಅವರೇ ಹೇಳಬೇಕು. ಮರುದಿನ ಕರೆಸಿಕೊಂಡವರೊಬ್ಬರ ಪತ್ರ ನಮಗೆ ಬಂದಿದೆ. ಉದ್ದವಾಗಿದೆ, ಕತ್ತರಿಸಲು ಮನಸ್ಸಾಗಲಿಲ್ಲ.

*

ತಮ್ಮಾ, ನಾನು ಬೆಟಗೇರಿಯಾಕಿ. ನಮ್ಮದು ನೇಕಾರರ ಮನಿ. ಅಪ್ಪ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ನೇಯ್ತಿದ್ದ, ನಾನೂ ಅವ್ವನೂ ಕಂಡಿಕಿಗೆ ನೂಲು ಸುತ್ತತಿದ್ವಿ. ಏಳನೇತ್ತೆ ಆದಮ್ಯಾಲೆ ನನ್ನ ಸಾಲಿ ಬಿಡಿಸಿದರು. ತಮ್ಮ ಶ್ಯಾಣ್ಯಾ ಇದ್ದ, ಅವನರ ಓದ್ಲಿ ಅಂತ. ನನಗ ಬ್ಯಾಸರ ಆಗಲಿಲ್ಲ ಅಂದ್ರ ಸುಳ್ಳಾಗತೈತಿ, ಆದ್ರ ಜಗಳ ಏನೂ ಮಾಡಲಿಲ್ಲ. ಅವ ಧಾರವಾಡದಾಗ ಮುರುಘಾಮಠದ ಪ್ರಸಾದ ನಿಲಯದಾಗ ಇದ್ದು, ಎಲ್ಲಾರ ಜೋಡಿ ಪಂಕ್ತಿಗೆ ಕುಂತು ಪುಕ್ಕಟ ಉಂಡು ಓದಿದ. ಇಂಜಿನಿಯರ್ ಆದ. ಅಲ್ಲೇ ಮನಿ ಕಟ್ಟಿಸಿದ.

ವಾಸ್ತುಶಾಂತಿಗೆ ಫೋನ್ ಮಾಡಿ, ‘ಅಕ್ಕಾ, ಅವತ್ತ ಭಾಳ ಗದ್ದಲ ಇರತೈತಿ, ನೀವು ಮರುದಿನ ಬರ್ರಿ, ಆರಾಮ ಕುಂತು ಮಾತಾಡೂಣು’ ಅಂದ. ಅದರಾಗ ತಪ್ಪೇನೈತಿ ಅನ್ನಿಸಿ ಹೂಂ ಅಂದೆ. ನಮ್ಮ ಮಗ್ಗದ ಸೀರಿ ಒಂದು ನಾದಿನಿಗೆ ಅಂತ ಕಟ್ಟಿಕೊಂಡು ಹೋದ್ವಿ.

ನಾವು ಹೋದಾಗ ಪೆಂಡಾಲ ಬಿಚ್ಚಾಕತ್ತಿದ್ದರು. ಒಬ್ಬ ಹುಡುಗ ಕುರ್ಚಿ ಒಂದರ ಮ್ಯಾಲೊಂದು ಹೇರಿ ಟಂಟಂನಾಗ ಇಡಾಕತ್ತಿದ್ದ. ನನ್ನ ಗಂಡನ ಅಂಗಿ, ಧೋತರ ನೋಡಿ, ‘ಯಜಮಾನ, ಆ ಕಡೆ ಹಿಡಿ’ ಅಂದ. ಇವರು ಕೈಯಾಗಿನ ಚೀಲ ನನಗ ಕೊಟ್ಟು ಹಿಡಿದರು. ತಮ್ಮ ಒಳಗಿಂದ ನೋಡಿ ಓಡಿ ಬಂದು ಆ ಹುಡುಗನ ಮ್ಯಾಲೆ ಒದರಾಡಿದ. ಹುಡುಗಂದೇನು ತಪ್ಪು? ಆ ಹೊತ್ತಿಗೆ ಆ ಬಾಗಿಲಿಗೆ ಬರೋರು ಕೆಲಸದವರ ಅಲ್ಲೇನು?

ತಮ್ಮ ತಾನಾ ನಿಂತು ಬಡಿಸಿದ. ಹೋಳಿಗಿ ಬಿಸಿ ಮಾಡಿಸಿದ, ತುಪ್ಪ ಸುರುವಿದ. ಪ್ರೀತಿ ಇಲ್ಲ ಅಂತ ನಾ ಎಂದೂ ಅನ್ನೂದಿಲ್ಲ. ಮೊಬೈಲಿನ್ಯಾಗ ಹಿಂದಿನ ದಿನದ ಫೋಟೋ ತೋರಿಸಿದರು. ಬೀಗರು, ಆಫೀಸಿನವರು, ಓಣಿಯವರು, ಎಲ್ಲಾರೂ ಅದಾರ. ಅಪ್ಪನ ಫೋಟೋ ಗ್ವಾಡಿಗೆ ಹಾರ ಹಾಕಿಸಿಕೊಂಡು ಐತಿ. ಜೀವಂತ ಇದ್ದ ನಮ್ಮ ಕಡೆಯವರು ಒಬ್ಬರೂ ಇಲ್ಲ.

ನಿಮ್ಮವ್ವನ ಜೋಡಿಯವರು ಮರುದಿನ ಕರದ್ರೂ ಬರ್ತಾರ, ಉಣ್ತಾರ, ಏನೂ ಅನ್ನೂದಿಲ್ಲ. ನಾವೂ ಏನೂ ಅನ್ನಲಿಲ್ಲ.
– ಒಬ್ಬ ಅಕ್ಕ, ಗದಗ-ಬೆಟಗೇರಿ

*

ಪ್ರಶ್ನೆಯನ್ನು ಬೇರೆ ದಾರಿಗೆ ಎಳೆದವರೂ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ.

*

ಇದನ್ನು ಒಬ್ಬ ಮಗನ ಮನಸ್ಸಾಕ್ಷಿಯ ಪ್ರಶ್ನೆ ಮಾಡಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಮೇಲೇರುವ ಅವಕಾಶ ಯಾವ ದೇಶದಲ್ಲಿ ಎಷ್ಟಿದೆ ಎಂದು ವಿಶ್ವ ಆರ್ಥಿಕ ವೇದಿಕೆ 2020ರಲ್ಲಿ 82 ದೇಶಗಳ ಪಟ್ಟಿ ಮಾಡಿತು. ನಮಗೆ ಸಿಕ್ಕಿದ್ದು 76ನೇ ಜಾಗ. ನಮ್ಮ ರಾಣೇಬೆನ್ನೂರಿನವರೇ ಆದ ಎಲ್.ಜಿ. ಹಾವನೂರರ ಆಯೋಗ 1975ರಲ್ಲಿ ವರದಿ ಕೊಟ್ಟ ಮೇಲೆ ಹಿಂದುಳಿದ ವರ್ಗದ ಎಷ್ಟೋ ಮನೆಗಳ ಮಕ್ಕಳಿಗೆ ಕಾಲೇಜು, ಕಚೇರಿಗಳ ಬಾಗಿಲು ತೆರೆಯಿತು, ನಿಜ. ಆದರೆ ಒಂದೇ ರಾಶಿಯ ಸುತ್ತ ಕೂತು ತುಂಬು ಬಿಡಿಸುವ ಹೆಂಗಸರಲ್ಲಿ ಒಬ್ಬರ ಮಗ ಅಧಿಕಾರಿಯಾದ, ಉಳಿದವರ ಮಕ್ಕಳು ಏನು ಮಾಡುತ್ತಿದ್ದಾರೆ? ಹೋಳಿಗೆ ಊಟ ಒಂದು ಹೊತ್ತಿನದು. ಪತ್ರ ಬರೆದವರು ಆ ಮಕ್ಕಳಲ್ಲಿ ಒಬ್ಬರ ಫೀ ಕಟ್ಟಲಿ.
– ಕಾಲೇಜು ಉಪನ್ಯಾಸಕ, ಹಾವೇರಿ

*

ಊಟದ ವಿಷಯ ನನಗೆ ತಿಳಿಯದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಬಂತು. ತುಂಬು ಬಿಡಿಸುವವರಿಗೆ ಕೂಲಿ ಇನ್ನೂ ಕಿಲೋ ಲೆಕ್ಕದಲ್ಲೇ. ರಜೆ ಇಲ್ಲ, ಪಿಂಚಣಿ ಇಲ್ಲ. ಘಾಟಿಗೆ ಕೆಮ್ಮು, ರಾತ್ರಿಯೆಲ್ಲ ಕೈ ಉರಿ. ತಾಯಿಗೆ 59 ದಾಟಿಲ್ಲದಿದ್ದರೆ ಅಸಂಘಟಿತ ಕಾರ್ಮಿಕರಿಗೆ ಸರ್ಕಾರ ಕೊಡುವ ಇ-ಶ್ರಮ ಕಾರ್ಡ್ ಮಾಡಿಸಿದ್ದೀರಾ? ಕೆಲಸ ಬಿಡು ಎಂದು ಗಂಟು ಬೀಳುವ ಮೊದಲು ಒಮ್ಮೆ ಡಾಕ್ಟರಿಗೆ ಅವರ ಎದೆ ತೋರಿಸಿಕೊಂಡು ಬನ್ನಿ.
– ದಾದಿ, ಹಾವೇರಿ ಜಿಲ್ಲೆ

*

ಇಪ್ಪತ್ತು ಎಲಿ ಹೆಚ್ಚಾದ್ರ ಕಣಕ ಒಂದೀಟು ಜಾಸ್ತಿ ನಾದತೀವಿ, ಅಷ್ಟ. ಮರುದಿನ ಬ್ಯಾರೆ ಅಡಿಗಿ ಅಂದ್ರ ಅಡಿಗಿಯವರ ಪಗಾರ, ಪಾತ್ರಿ ಬಾಡಿಗಿ ಎರಡೂ ಮತ್ತ ಬೀಳ್ತಾವ. ಮಾವನವರಿಗೆ ಈ ಲೆಕ್ಕಾ ಹೇಳ್ರಿ.
– ಅಡಿಗಿ ಗುತ್ತಿಗೆದಾರ, ಹಳೇ ಹುಬ್ಬಳ್ಳಿ

*

ಮಾವನವರಿಗೆ ಬಹುಶಃ ಈ ಲೆಕ್ಕವೇ ಬೇಗ ತಿಳಿಯಬಹುದು. ಕೊನೆಯ ಪತ್ರ ಬ್ಯಾಡಗಿಯದು, ಮೊಮ್ಮಗಳ ಕೈಯಲ್ಲಿ ಬರೆಸಿದ್ದು.

*

ಮೊಮ್ಮಗಳು ಓದಿ ಹೇಳಿದ್ಲು. ಯಾರ ಮಗನೋ ಗೊತ್ತಾಗಲಿಲ್ಲ, ಯಾರರ ಆಗಲಿ, ಛಲೋ ಆತು. ನಾವೂ ತುಂಬು ಬಿಡಸೋರ. ಸೀರಿಗೆ ಘಾಟು ಹತ್ತಿರತೈತಿ ಅಂತ ಅಂಜಿರಬೇಕು. ನಾವು ಊರಿಗೆ ಹೋಗೂದಿದ್ರ ಜಳಕಾ ಮಾಡಿ ಪೆಟಿಗಿಯಾಗಿನ ಸೀರಿ ಉಟ್ಕೊಂಡ ಹೋಗತೀವಿ. ಬರೇ ಊಟಕ್ಕ ಅಂದ್ರ ಮನ್ಯಾಗ ರೊಟ್ಟಿ ಐತಿ, ಒಂದಿನದ ಕೂಲಿ ಬಿಟ್ಟು ಬರೂದಂದ್ರ ಹಾಲು ಉಕ್ಕೂದು ನೋಡಾಕ ಬರತೀವಿ. ಬಸ್ಸಿಗೆ ಆಧಾರ್ ಕಾರ್ಡ್ ತೋರಿಸಿದ್ರ ರೊಕ್ಕ ಇಲ್ಲ. ಸೋಮವಾರ, ಗುರುವಾರ ಮಾರ್ಕೆಟ್ ಇರತೈತಿ, ಅವೆರಡು ಬಿಟ್ಟು ಮುಹೂರ್ತ ಇಟ್ಕೊಳ್ಳಾಕ ಹೇಳ್ರಿ.
– ಬ್ಯಾಡಗಿ

*

ಮುಹೂರ್ತ ಯಾವ ವಾರವೆಂದು ಹುಬ್ಬಳ್ಳಿಯ ಓದುಗರು ನಮಗೆ ತಿಳಿಸಿಲ್ಲ. ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.
– ಸಂ.